ಪೌರಧರ್ಮದ ಅಭ್ಯಾಸ

ಮಕ್ಕಳ ವಿದ್ಯಾಭ್ಯಾಸಕ್ಕೆಂದು ತನುಮನಧನಗಳನ್ನು ವ್ಯಯಿಸುವ ತಾಯ್ತಂದೆಯರಲ್ಲಿ ನನ್ನದೊಂದು ಬಿನ್ನಹವುಂಟು. 1988ರ ಅರುವತ್ತೊಂದನೆಯ ಸಂವಿಧಾನ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತಾದರೂ, ಆ ಹಕ್ಕನ್ನು ವಿವೇಕದಿಂದ ಚಲಾಯಿಸುವ ಶಕ್ತಿಯು ಹುಟ್ಟುಹಬ್ಬದ ದಿನ ತಾನಾಗಿಯೇ ಬಂದು ಸೇರುವಂಥದಲ್ಲ; ನೀರಿಗಿಳಿಯದವನಿಗೆ ಈಜು ಬಾರದಂತೆ, ಅದೂ ಅಭ್ಯಾಸದಿಂದಲೇ ಸಿದ್ಧಿಸತಕ್ಕದ್ದು.

ಆದುದರಿಂದ ಮಗನಾಗಲಿ ಮಗಳಾಗಲಿ, ಮನೆಯ ತಿಂಗಳ ಖರ್ಚಿನ ಲೆಕ್ಕವನ್ನು ತಾನೇ ಬರೆಯಲಿ; ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಹಣ ಕಟ್ಟಿ ಬರಲಿ. ಬೀದಿದೀಪ ಕೆಟ್ಟಾಗ ನೀವು ಗೊಣಗುತ್ತ ಕೂಡದೆ, ಪಂಚಾಯಿತಿಗೆ ಅರ್ಜಿಯನ್ನು ಅವರಿಂದಲೇ ಬರೆಯಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಲು ಕಳುಹಿಸಿರಿ. ಅರ್ಜಿಯ ಗತಿಯೇನಾಯಿತೆಂದು ಪ್ರಜೆಯು ಕೇಳಿದಲ್ಲಿ, 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರವೀಯುವುದು ಕಚೇರಿಯ ಕರ್ತವ್ಯವೆಂಬುದನ್ನೂ ತಿಳಿಯಹೇಳಿರಿ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳಿಗಾಗಿಯೇ ವಿಶೇಷ ಗ್ರಾಮಸಭೆಯನ್ನು ನಡೆಯಿಸುವ ಪದ್ಧತಿಯುಂಟು. ಶಾಲೆಯ ಶೌಚಾಲಯ, ಕುಡಿಯುವ ನೀರು, ಬಸ್ಸಿನ ವೇಳೆ ಇವುಗಳ ಕುರಿತು ಹಿರಿಯರೆದುರು ನಿಂತು ಮಾತನಾಡಿದ ಬಾಲಕಿಯು ಸಭಾಕಂಪವನ್ನು ನೀಗಿಕೊಳ್ಳುವುದಷ್ಟೇ ಅಲ್ಲದೆ, ತನ್ನ ಬೇಡಿಕೆಗೆ ಹಣವು ಎಲ್ಲಿಂದ ಒದಗಬೇಕು, ಅನ್ಯರ ಬೇಡಿಕೆಯು ತನ್ನದಕ್ಕಿಂತಲೂ ಗುರುತರವಲ್ಲವೆ ಎಂದು ತೂಗಿನೋಡುವುದನ್ನೂ ಕಲಿಯುತ್ತಾಳೆ. ಅಂಥ ಸಭೆಗೆ ಮಕ್ಕಳನ್ನು ಅವಶ್ಯವಾಗಿ ಕಳುಹಿಸಿರಿ. ಆದರೆ ಕೇಳಬೇಕಾದ ಪ್ರಶ್ನೆಯನ್ನು ನೀವೇ ಬರೆದುಕೊಡದಿರಿ.

ಅವರು ತಪ್ಪಿದರೆ ತಿದ್ದಿರಿ, ತಡವಾದರೆ ತಾಳಿರಿ; ಅವರ ಕಾರ್ಯವನ್ನು ಮಾತ್ರ ಅವರ ಕೈಯಿಂದ ಕಸಿದುಕೊಳ್ಳದಿರಿ.