ತಣ್ಣನೆಯ ನದಿ, ನಿಯೋಪ್ರೀನ್ ವೇಡರ್ಸ್ ಮತ್ತು ನಿಮ್ಮ ಹೃದಯ



ಬೇಸಿಗೆ ರಜೆ ಬಂತೆಂದರೆ ದೆಹಲಿ, ನೋಯ್ಡಾ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಕುಲು-ಮನಾಲಿಯ ಮಾತು ಶುರು. ಈಗ ಪುಣೆ, ಹೈದರಾಬಾದ್, ಚೆನ್ನೈನವರೂ ಆ ಕಡೆ ಹೊರಡುತ್ತಾರೆ. ಅಲ್ಲಿನ ತೀರ್ಥನ್ ನದಿಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಬೇಕೆಂಬುದು ಹಲವರ ಆಸೆ. "ಡಾಕ್ಟ್ರೇ, ಸ್ಟೆಂಟ್ ಹಾಕಿ ಎರಡು ವರ್ಷ ಆಯ್ತು. ನದೀಲಿ ನಿಂತು ಮೀನು ಹಿಡೀಬಹುದಾ? ಬೇಕಾದ್ರೆ ಒಳ್ಳೆ ವೇಡರ್ಸ್ ತಗೋತೀನಿ" ಎಂದು ಕೇಳುವವರಿದ್ದಾರೆ. ಒಂದು ಮಾತಿನಲ್ಲಿ ಹೌದು-ಇಲ್ಲ ಹೇಳುವ ಪ್ರಶ್ನೆ ಇದಲ್ಲ. ಹಾಗಾಗಿ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ವೇಡರ್ಸ್ ಎಂದರೆ ಪಾದದಿಂದ ಎದೆಯವರೆಗೆ ಬರುವ, ನೀರು ಒಳಗೆ ಬಿಡದ ಉಡುಪು. ಭುಜಕ್ಕೆ ಪಟ್ಟಿ ಇರುತ್ತದೆ. ನಿಯೋಪ್ರೀನ್ ನಿಮಗೆ ಹೊಸದೇನಲ್ಲ. ಮಂಡಿನೋವಿಗೆ ಹಾಕುವ ನೀ ಕ್ಯಾಪ್, ಲ್ಯಾಪ್‌ಟಾಪ್‌ನ ಮೆತ್ತನೆಯ ಕವರ್ ಎಷ್ಟೋ ಸಲ ಇದರದ್ದೇ ಆಗಿರುತ್ತದೆ. ಇದು ಕೃತಕ ರಬ್ಬರ್. ಅಮೆರಿಕದ ಡ್ಯುಪಾಂಟ್ ಕಂಪನಿಯವರು 1930ರಲ್ಲಿ ಕಂಡುಹಿಡಿದದ್ದು. ಇದರ ಫೋಮಿನ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುತ್ತವೆ. ಅವೇ ಮೈಯ ಶಾಖವನ್ನು ಹೊರಗೆ ಬಿಡದೆ ತಡೆಯುವುದು.

ಊರಲ್ಲಿ ಪಂಚೆ ಎತ್ತಿ ಕಟ್ಟಿ ಹೊಳೆಗಿಳಿದು ಗಾಳ ಹಾಕಿದವರಿಗೆ ಇದೆಲ್ಲ ಅತಿ ಅನ್ನಿಸಬಹುದು. ಆದರೆ ನಮ್ಮ ಹೊಳೆಯೇ ಬೇರೆ, ಹಿಮ ಕರಗಿ ಹರಿಯುವ ನದಿಯೇ ಬೇರೆ. ಟ್ರೌಟ್ ಈ ದೇಶದ ಮೀನೇ ಅಲ್ಲ. ಬ್ರಿಟಿಷರು ತಣ್ಣೀರು ಎಲ್ಲಿದೆ ಎಂದು ಹುಡುಕಿ ಕಾಶ್ಮೀರಕ್ಕೆ, ಕುಲುವಿಗೆ, ನೀಲಗಿರಿಗೆ ತಂದು ಬಿಟ್ಟದ್ದು. ಮೀನಿಗೆ ಹಿತವಾದ ಆ ನೀರು ಮನುಷ್ಯನ ಮೈಗೆ ಹಿತವಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಅದು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವುದೂ ಉಂಟು. ಅಷ್ಟೇ ತಣ್ಣಗಿನ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಶಾಖ ಹೀರುತ್ತದೆ.

ತಣ್ಣೀರು ಚರ್ಮಕ್ಕೆ ತಾಗಿದ ಕೂಡಲೇ ಕೈಕಾಲಿನ ರಕ್ತನಾಳಗಳು ಬಿಗಿಯಾಗುತ್ತವೆ. ಬಿಪಿ ಏರುತ್ತದೆ. ಆ ಬಿಗಿತದ ಎದುರು ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು, ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಹೃದಯದ ರಕ್ತನಾಳದಲ್ಲೇ ಕೊಬ್ಬು ಕಟ್ಟಿಕೊಂಡವರಿಗೆ ಆಗ ಎದೆನೋವು ಬರಬಹುದು, ಬಡಿತದ ಲಯ ತಪ್ಪಬಹುದು. ಇದನ್ನು ತಡೆಯುವುದರಲ್ಲಿ ನಿಯೋಪ್ರೀನ್ ನಿಜಕ್ಕೂ ಸಹಾಯ ಮಾಡುತ್ತದೆ.

ಆದರೆ ವೇಡರ್ಸ್ ತಡೆಯುವುದು ಚಳಿಯನ್ನು, ನೀರಿನ ಒತ್ತಡವನ್ನಲ್ಲ. ಅಂಗಡಿಯವರು ಹೇಳದ ವಿಷಯ ಇದು. ಸೊಂಟದ ಮೇಲಿನವರೆಗೆ ನೀರಿನಲ್ಲಿ ನಿಂತಾಗ ಸುತ್ತಲ ನೀರು ಕಾಲುಗಳನ್ನು ಒತ್ತುತ್ತದೆ. ವೇಡರ್ಸ್ ಮೈಗಂಟಿಕೊಂಡು ಬಿಗಿಯುವುದು ಇದರಿಂದಲೇ. ಕಾಲಿನ ರಕ್ತ ಎದೆಯ ಕಡೆಗೆ ಸರಿದು ಹೃದಯಕ್ಕೆ ಒಮ್ಮೆಲೇ ಹೆಚ್ಚು ರಕ್ತ ಬರುತ್ತದೆ. ಗಟ್ಟಿ ಹೃದಯಕ್ಕೆ ಅದು ಲೆಕ್ಕಕ್ಕಿಲ್ಲ. ಪಂಪಿಂಗ್ ಕಡಿಮೆ ಇರುವವರಿಗೆ ಉಸಿರು ಕಟ್ಟಿದಂತಾಗಬಹುದು. ಇನ್ನು ದಡ ಹತ್ತಿದಾಗ ಉಲ್ಟಾ: ಒತ್ತಡ ಹೋಗುತ್ತದೆ, ರಕ್ತ ಮತ್ತೆ ಕಾಲಿಗಿಳಿಯುತ್ತದೆ, ಬಿಪಿ ಮಾತ್ರೆ ನುಂಗುವವರಿಗೆ ಕಣ್ಣು ಕತ್ತಲೆ ಬರಬಹುದು. ಹಾಗಾಗಿ ಮೊಣಕಾಲುದ್ದದ ನೀರೇ ಸಾಕು, ತೊಡೆಯವರೆಗೆ ಹೋದರೆ ಹೆಚ್ಚು. ಹೊರಗೆ ಬರುವಾಗ ಅಂಚಿನಲ್ಲಿ ಎರಡು ನಿಮಿಷ ನಿಂತು ನಿಧಾನಕ್ಕೆ ಹತ್ತಿ.

ಈಗ ಆಯ್ಕೆಗೆ ಬರೋಣ. ಸಾಮಾನ್ಯವಾಗಿ ಸಿಗುವುದು 3.5 ಮಿಲಿಮೀಟರ್ ಮತ್ತು 5 ಮಿಲಿಮೀಟರ್ ದಪ್ಪದ್ದು. ಐದರದ್ದು ಬಹಳ ಬೆಚ್ಚಗೆ, ಆದರೆ ಭಾರ, ನಡೆಯಲು ಕಷ್ಟ. ರಸ್ತೆಯಿಂದ ನದಿಗೆ ಇಳಿದು ಹತ್ತುವಾಗಲೇ ಬೆವರು ಸುರಿಯುತ್ತದೆ, ಆ ಬೆವರು ಹೊರಗೂ ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಿಗೆ 3.5 ಸಾಕು. ನದಿ ಹತ್ತಿರ ಬಂದ ಮೇಲೆ ಹಾಕಿಕೊಳ್ಳಿ, ಹೋಟೆಲಿನಿಂದಲೇ ಹಾಕಿಕೊಂಡು ಹೊರಡಬೇಡಿ. ಮುಂಬೈ, ಚೆನ್ನೈ ಸುತ್ತಿನ ಕೆರೆ, ಹಿನ್ನೀರಿಗಂತೂ ನಿಯೋಪ್ರೀನ್ ಬೇಡವೇ ಬೇಡ. ಆ ಸೆಕೆಯಲ್ಲಿ ಹೃದಯಕ್ಕೆ ಅದೇ ಹೊರೆ.

ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ನಮ್ಮವರಿಗೆ ಹೊಟ್ಟೆ ಇರುತ್ತದೆ (ಬೇಜಾರು ಮಾಡಿಕೊಳ್ಳಬೇಡಿ, ಇದು ದಿನಾ ಟೇಪು ಹಿಡಿದು ಅಳೆಯುವವನ ಮಾತು). ಹೊಟ್ಟೆಗೆ ಸರಿಹೋಗಲೆಂದು ದೊಡ್ಡದು ತಗೊಂಡರೆ ಕಾಲು ಉದ್ದವಾಗಿ ಪಾದದ ಹತ್ತಿರ ಮಡಿಕೆ ಬೀಳುತ್ತದೆ. ಆ ಮಡಿಕೆ ಉಜ್ಜಿ ಉಜ್ಜಿ ಅಲ್ಲೇ ಸೀಳುತ್ತದೆ. ಸೊಂಟ ಅಗಲ, ಕಾಲು ಗಿಡ್ಡ ಇರುವ ಅಳತೆಯೂ ಕೆಲವು ಕಂಪನಿಗಳಲ್ಲಿ ಇದೆ, ಕೇಳಿ ತರಿಸಿಕೊಳ್ಳಿ. ಹಾಕಿಕೊಂಡು ಪೂರ್ತಿ ಕುಕ್ಕರಗಾಲಲ್ಲಿ ಕೂತು ಏಳಿ, ಕುರ್ಚಿಯ ಮೇಲೆ ಒಂದು ಕಾಲಿಡಿ. ತೊಡೆಸಂದಿಯಲ್ಲಿ ಎಳೆದರೆ ಆ ಹೊಲಿಗೆ ಹೆಚ್ಚು ದಿನ ಬಾಳುವುದಿಲ್ಲ.

ಅಳತೆ ನೋಡುವುದು ಸಂಜೆ ಹೊತ್ತಿನಲ್ಲಿ, ದಪ್ಪ ಸಾಕ್ಸ್ ಹಾಕಿಕೊಂಡು. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ನಿಮ್ಮಲ್ಲಿ ತುಂಬಾ ಜನ ತಗೊಳ್ಳುತ್ತೀರಿ. ಅದರಿಂದ ಕೆಲವರಿಗೆ ಸಂಜೆ ಹೊತ್ತಿಗೆ ಪಾದದ ಗಂಟು ಊದುತ್ತದೆ. ಬೆಳಿಗ್ಗೆ ಸರಿಹೋದ ಬೂಟು ಮಧ್ಯಾಹ್ನಕ್ಕೆ ಹಿಸುಕುತ್ತದೆ. ಬಿಗಿಯಾದರೆ ರಕ್ತ ಓಡಾಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಬೂಟು ಉಜ್ಜಿದ್ದೂ ತಿಳಿಯದು, ಒಳಗೆ ಕಲ್ಲು ಸೇರಿದ್ದೂ ತಿಳಿಯದು. ಅಂಥವರು ಬಿಚ್ಚಿದ ಮೇಲೆ ಬೆರಳ ಸಂದಿಯನ್ನೂ ನೋಡಿಸಿಕೊಳ್ಳಬೇಕು.

ಬೂಟು ಅಂಟಿಕೊಂಡೇ ಬರುವ ವೇಡರ್ಸ್ ಒಂದು ಬಗೆ, ನಿಯೋಪ್ರೀನ್ ಸಾಕ್ಸ್ ಇದ್ದು ಮೇಲೆ ಬೇರೆ ಬೂಟು ಹಾಕುವಂಥದ್ದು ಇನ್ನೊಂದು. ಮೊದಲನೆಯದು ಬಗ್ಗಲು ಕಷ್ಟವಿರುವವರಿಗೆ ಸುಲಭ. ಆದರೆ ಪಾಚಿ ಹಿಡಿದ ಗುಂಡುಕಲ್ಲಿನ ಮೇಲೆ ಹಿಮ್ಮಡಿಗೆ ಬಿಗಿ ಸಿಗುವುದು ಎರಡನೆಯದರಲ್ಲಿ. ರಕ್ತ ತೆಳುವಾಗಿಸುವ ಮಾತ್ರೆಯವರು ಜಾರಿ ಬೀಳಬಾರದು, ಅವರಿಗೆ ನನ್ನ ಮತ ಎರಡನೆಯದಕ್ಕೆ. ಜೊತೆಗೊಂದು ಊರುಗೋಲು ಇರಲಿ, ನಾಚಿಕೆ ಬೇಡ.

ಬಾಳಿಕೆ ನೋಡಬೇಕಾದರೆ ಹೊಲಿಗೆ ನೋಡಿ. ಅಂಟು ಹಾಕಿ, ಹೊಲಿದು, ಒಳಗಿನಿಂದ ಟೇಪು ಅಂಟಿಸಿದ್ದರೆ ಒಳ್ಳೆಯದು. ಮಂಡಿಗೆ ಇನ್ನೊಂದು ಪದರ ಇರಬೇಕು. ಒಳಗೆ ಹತ್ತಿಯ ಪ್ಯಾಂಟು ಬೇಡ, ಅದು ಬೆವರು ಹಿಡಿದು ಮೈ ತಣ್ಣಗೆ ಮಾಡುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್ ಹಾಕಿ.

ಸೊಂಟಪಟ್ಟಿ ಇಲ್ಲದ ವೇಡರ್ಸ್ ಹಾಕಿ ನೀರಿಗಿಳಿಯಲೇಬೇಡಿ. ಬಿದ್ದರೆ ಒಳಗೆ ನೀರು ನುಗ್ಗುವುದನ್ನು ನಿಧಾನ ಮಾಡುವುದು ಅದೇ. ನೀರು ತುಂಬಿದ ವೇಡರ್ಸ್ ಮುಳುಗಿಸಿಬಿಡುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ನೀರೊಳಗೆ ನೀರಿಗೆ ಭಾರವಿಲ್ಲ, ನಿಯೋಪ್ರೀನ್ ತೇಲುತ್ತದೆ ಕೂಡ. ದಡ ಹತ್ತುವಾಗ ಭಾರ ಗೊತ್ತಾಗುತ್ತದೆ, ಸೆಳೆತದಲ್ಲಿ ಕೈಕಾಲು ಬಡಿದರೆ ದಣಿವಾಗುತ್ತದೆ. ತಣ್ಣೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ತಾನಾಗಿಯೇ ಏದುತ್ತದೆ. ಆಗ ಈಜಲು ಹೋಗದೆ ಅಂಗಾತ ತೇಲಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮುಂದೆ ಮಾಡಿ, ಬಾಯಿ ನೀರಿನ ಮೇಲಿರಲಿ. ಉಸಿರು ಹತೋಟಿಗೆ ಬಂದ ಮೇಲೆ ದಡದ ಕಡೆ ಸರಿಯಿರಿ.

ಎಂಥ ವೇಡರ್ಸೂ ಉಳಿಸದ ಒಂದು ಅಪಾಯ ಅಣೆಕಟ್ಟಿನ ನೀರು. 2014ರ ಜೂನ್ 8ರಂದು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ತೀರ್ಥನ್ ಸೇರುವುದೂ ಅಲ್ಲೇ ಹತ್ತಿರ. ಅಣೆಕಟ್ಟಿನ ಕೆಳಗೆ ಇಳಿಯಬೇಡಿ, ಸ್ಥಳೀಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನೂ ಮಾಡಿಸಿಕೊಳ್ಳಿ.

ಇನ್ನು ಯಾರು ಇಳಿಯಬಹುದು? ಎರಡು ಮಹಡಿ ಮೆಟ್ಟಿಲನ್ನು ಎದೆ ಬಿಗಿತವಿಲ್ಲದೆ, ಏದುಸಿರಿಲ್ಲದೆ ಹತ್ತಬಲ್ಲವರು ನಿಮ್ಮ ಡಾಕ್ಟರನ್ನು ಕೇಳಿ ಇಳಿಯಬಹುದು. ಈಚಿನ ವಾರಗಳಲ್ಲಿ ಹಾರ್ಟ್ ಅಟ್ಯಾಕ್ ಆದವರು, ನಡೆದರೆ ಎದೆನೋವು ಬರುವವರು, ಪಂಪಿಂಗ್ ಕಡಿಮೆ ಇರುವವರು ದಡದಿಂದಲೇ ಗಾಳ ಹಾಕಿ. ಮೀನಿಗೇನೂ ವ್ಯತ್ಯಾಸ ತಿಳಿಯುವುದಿಲ್ಲ.

ವೇಡರ್ಸ್ ಬಿಚ್ಚುವ ರಗಳೆಗೆ ಹೆದರಿ ಮೂತ್ರ ಹೋಗಿಸುವ ಮಾತ್ರೆ ಬಿಡುವವರಿದ್ದಾರೆ, ನೀರು ಕುಡಿಯದವರೂ ಇದ್ದಾರೆ. ಎರಡೂ ತಪ್ಪು. ಆ ದಿನ ಮಾತ್ರೆ ಯಾವ ಹೊತ್ತಿಗೆ ತಗೊಳ್ಳಬೇಕೆಂದು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ತಣ್ಣೀರಿನಲ್ಲಿ ನಿಂತರೆ ಮೂತ್ರ ಹೇಗೂ ಹೆಚ್ಚು, ಗಂಟೆಗೊಮ್ಮೆ ಹೊರಗೆ ಬಂದು ಬಿಸಿ ಚಹಾ ಕುಡಿಯಿರಿ. ಮದ್ಯ ಬೇಡ. ಡಾಕ್ಟರು ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಜಿಪ್ ಕವರಿನಲ್ಲಿ ಹಾಕಿ ಎದೆಯ ಜೇಬಿನಲ್ಲಿಡಿ, ಕಾರಿನಲ್ಲಲ್ಲ. ನೀರಿನಲ್ಲಿದ್ದಾಗ ಎದೆ ಹಿಂಡಿದರೆ "ಭುಜದ ಪಟ್ಟಿ ಬಿಗಿಯಾಯ್ತು" ಎಂದುಕೊಳ್ಳಬೇಡಿ. ಜೊತೆಯವರನ್ನು ಕೂಗಿ, ದಡಕ್ಕೆ ಬನ್ನಿ, ಕೂತುಕೊಂಡು ಮಾತ್ರೆ ನಾಲಿಗೆ ಕೆಳಗಿಡಿ. ಐದು ನಿಮಿಷಕ್ಕೆ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಕಣಿವೆಯಲ್ಲಿ ಎಲ್ಲೆಡೆ ನೆಟ್‌ವರ್ಕ್ ಸಿಗದು, ಆದ್ದರಿಂದ ಹತ್ತಿರದ ಆಸ್ಪತ್ರೆ ಎಲ್ಲಿದೆಯೆಂದು ನದಿಗಿಳಿಯುವ ಮೊದಲೇ ಕೇಳಿಟ್ಟುಕೊಳ್ಳಿ.

ಊರಿಗೆ ಬಂದ ಮೇಲೆ ವೇಡರ್ಸನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲು ಈ ರಬ್ಬರನ್ನು ಬೇಗ ಕೆಡಿಸುತ್ತದೆ. ಮಡಚಿ ಅಟ್ಟಕ್ಕೆ ಹಾಕದೆ ನೇತುಹಾಕಿ. ಸಣ್ಣ ತೂತು ಬಿದ್ದರೆ ನಿಯೋಪ್ರೀನ್ ಅಂಟಿನಿಂದ ಮನೆಯಲ್ಲೇ ಮುಚ್ಚಬಹುದು.