ಅಂಗುಳಕ್ಕೊಂದು ಕೀಲಿ

ಪ್ರಶ್ನೆ: ಮಗನಿಗೆ 9 ವರ್ಷ. ಬಾಯಿ ಮುಚ್ಚಿದಾಗ ಬಲಗಡೆಯ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಕ್ಕೆ ಕೂರುತ್ತವೆ. ರಾತ್ರಿ ಬಾಯಿ ತೆರೆದೇ ಮಲಗುತ್ತಾನೆ, ಗೊರಕೆಯೂ ಇದೆ. ಮೇಲ್ದವಡೆ ಕಿರಿದಾಗಿದೆ, ಅಂಗುಳಕ್ಕೆ ಸ್ಕ್ರೂ ಕೂರಿಸಿ ಅಗಲಿಸೋಣ, ಮನೆಯಲ್ಲಿ ನೀವೇ ಕೀಲಿ ತಿರುಗಿಸಬೇಕು ಎಂದಿದ್ದಾರೆ ದಂತವೈದ್ಯರು. ಮೂಳೆಯನ್ನೇ ಬಿಡಿಸುತ್ತಾರಂತೆ ಎಂದು ನಮ್ಮತ್ತೆ ಹೌಹಾರಿದ್ದಾರೆ. ದೊಡ್ಡವನಾದ ಮೇಲೆ ಕ್ಲಿಪ್ ಹಾಕಿಸಿದರೆ ಸಾಲದೇ?
– ಹೆಸರು ಬೇಡ, ಹಾವೇರಿ

ಉತ್ತರ: ನಿಮ್ಮತ್ತೆ ಕೇಳಿದ್ದು ನಿಜವೇ, ಆದರೆ ಹೆದರುವಂಥದ್ದಲ್ಲ. ಅಂಗುಳದ ಎಡ, ಬಲ ಭಾಗಗಳು ನಡುವೆ ಒಂದು ಕೂಡುಗೆರೆಯಲ್ಲಿ ಸೇರಿರುತ್ತವೆ. ಈ ವಯಸ್ಸಿನಲ್ಲಿ ಅದು ಇನ್ನೂ ಬಿಗಿದುಕೊಂಡಿರುವುದಿಲ್ಲ. ಸ್ಕ್ರೂ ಅದನ್ನು ಬಿಡಿಸುತ್ತದೆ, ಬಿಟ್ಟ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎಮರ್ಸನ್ ಏಂಜೆಲ್ ಎಂಬ ದಂತವೈದ್ಯರು ಹದಿಹರೆಯದ ಹುಡುಗಿಯೊಬ್ಬಳಿಗೆ ಹೀಗೆ ಮಾಡಿದ್ದನ್ನು ಬರೆದಾಗ ವೃತ್ತಿಯವರೇ ಅನುಮಾನಪಟ್ಟರು. ಎಕ್ಸ್-ರೇ ಬರಲು ಇನ್ನೂ 35 ವರ್ಷ ಇತ್ತು, ತೋರಿಸುವುದಾದರೂ ಹೇಗೆ? 1961ರ ಹೊತ್ತಿಗೆ ಆಂಡ್ರ್ಯೂ ಹಾಸ್ ಎಂಬ ಅಮೆರಿಕದ ತಜ್ಞರು ಈ ಪದ್ಧತಿಗೆ ಮರುಜೀವ ಕೊಟ್ಟರು.

ಕ್ಲಿಪ್ ಮುಖ್ಯವಾಗಿ ಹಲ್ಲು ಸರಿಸುತ್ತದೆ, ದವಡೆಯ ಮೂಳೆಯನ್ನಲ್ಲ. ಮಗನನ್ನು ಎದುರಿಗೆ ಕೂರಿಸಿ ನಿಧಾನವಾಗಿ ಬಾಯಿ ಮುಚ್ಚಲು ಹೇಳಿ. ಹಲ್ಲು ಕೂಡುವ ಕೊನೆ ಗಳಿಗೆಯಲ್ಲಿ ಗದ್ದ ಒಂದು ಕಡೆಗೆ ಜರುಗಿದರೆ, ಕೆಳದವಡೆ ಅನುಕೂಲಕ್ಕಾಗಿ ಪಕ್ಕಕ್ಕೆ ಸರಿಯುತ್ತಿದೆ ಎಂದರ್ಥ. ಬೆಳೆಯುವ ವಯಸ್ಸಿನಲ್ಲಿ ಅದನ್ನು ಹಾಗೇ ಬಿಟ್ಟರೆ ಮುಖವೇ ಓರೆಯಾಗಿ ಬೆಳೆಯಬಹುದು. ಹಾಗಾಗಿ ಕಾಯಬೇಡಿ.

ಸಾಧನವನ್ನು ಹಿಂದಿನ ಹಲ್ಲುಗಳಿಗೆ ಅಂಟಿಸುತ್ತಾರೆ. ಒಂದು ಸುತ್ತಿನ ಕಾಲುಭಾಗ ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಅಗಲುತ್ತದೆ. ದಿನಕ್ಕೆ ಒಂದು ಸಲವೋ ಎರಡು ಸಲವೋ, ಸಾಮಾನ್ಯವಾಗಿ ಎರಡು-ಮೂರು ವಾರ, ಲೆಕ್ಕ ವೈದ್ಯರದು. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟಾರ್ಚ್ ಬೆಳಕಿನಲ್ಲಿ ಮಾಡಿ. ಕೀಲಿಯನ್ನು ಮುಂದಿನ ತೂತಿಗೆ ಹಾಕಿ ಗಂಟಲಿನ ಕಡೆಗೆ ತಳ್ಳಿ, ಮುಂದೆ ಹೊಸ ತೂತು ಪೂರ್ತಿ ಕಾಣಬೇಕು. ಅರ್ಧಕ್ಕೆ ನಿಲ್ಲಿಸಿದರೆ ಮರುದಿನ ತೂತೇ ಸಿಗುವುದಿಲ್ಲ. ಕೀಲಿಗೆ ದಾರ ಕಟ್ಟುವುದನ್ನು ಮರೆಯಬೇಡಿ, ನುಂಗಿದರೆ ಪಜೀತಿ. ತಿರುಗಿಸಿದ ಮೇಲೆ ಮೂಗಿನ ಬುಡದಲ್ಲಿ ಸ್ವಲ್ಪ ಹೊತ್ತು ಬಿಗಿತ ಇರುತ್ತದೆ. ಮೊದಮೊದಲು ಮಾತು ತೊದಲುತ್ತದೆ, ಜೊಲ್ಲು ಹೆಚ್ಚುತ್ತದೆ. ಪಾಠ ಜೋರಾಗಿ ಓದಿಸಿ. ಕಡಕ್ ರೊಟ್ಟಿ ಬೇಕೆಂದರೆ ಸಾರಿನಲ್ಲಿ ನೆನೆಸಿ ಕೊಡಿ. ಅಂಟುವ ಮಿಠಾಯಿ ಬೇಡ. ಊಟವಾದ ಮೇಲೆ ಅಂಗುಳಕ್ಕೂ ಸಾಧನಕ್ಕೂ ನಡುವೆ ಸಿಕ್ಕಿದ್ದನ್ನು ತೊಳೆಯಲೇಬೇಕು.

ಮನೆಯವರೆಲ್ಲ ಗಾಬರಿಯಾಗುವುದು ಮುಂದಿನ ಹಂತದಲ್ಲಿ. ವಾರದೊಳಗೋ ಸ್ವಲ್ಪ ಆಚೀಚೆಯೋ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬೀಳುತ್ತದೆ. ‘ನೆಟ್ಟಗಿದ್ದ ಹಲ್ಲನ್ನೂ ಕೆಡಿಸಿಕೊಂಡು ಬಂದಿರಾ’ ಎಂದು ಅತ್ತೆಯವರು ಕೇಳಿಯೇ ಕೇಳುತ್ತಾರೆ. ನಮಗೆ ಬೇಕಾದದ್ದೇ ಆ ಸಂದು! ಮೂಳೆ ಬಿಟ್ಟಿದೆ ಎಂಬುದಕ್ಕೆ ಅದೇ ಗುರುತು. ಮುಂದಿನ ತಿಂಗಳುಗಳಲ್ಲಿ ಒಸಡಿನ ನಾರುಗಳ ಎಳೆತಕ್ಕೆ ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ವೈದ್ಯರು ಹೇಳಿದಷ್ಟು ದಿನ ತಿರುಗಿಸಿಯೂ ಸಂದು ಕಾಣದಿದ್ದರೆ, ಅಥವಾ ನೋವು ತಡೆಯಲಾಗದಿದ್ದರೆ, ಕೀಲಿ ನಿಲ್ಲಿಸಿ ಫೋನ್ ಮಾಡಿ. ತಿರುಗಿಸುವುದು ಮುಗಿದ ಮೇಲೂ ಸಾಧನ 3ರಿಂದ 6 ತಿಂಗಳು ಬಾಯಲ್ಲೇ ಇರಬೇಕು. ಹೊಸ ಮೂಳೆ ಗಟ್ಟಿಯಾಗುವ ಮೊದಲೇ ತೆಗೆಸಿದರೆ ದವಡೆ ಮತ್ತೆ ಕಿರಿದಾಗುತ್ತದೆ.

ಅಲ್ಪಸ್ವಲ್ಪ ಕಿರಿದಾಗಿದ್ದರೆ ತೆಗೆದು ಹಾಕುವ ಪ್ಲೇಟು, ಇಲ್ಲವೇ ಕ್ವಾಡ್ ಹೀಲಿಕ್ಸ್ ಎಂಬ ತಂತಿಯೂ ಆಗುತ್ತದೆ, ನಿಧಾನದ ದಾರಿ. ಪ್ಲೇಟಿನ ತೊಂದರೆ ಒಂದೇ, ಅದು ಬಾಯಿಗಿಂತ ಜೇಬಿನಲ್ಲಿರುವುದೇ ಹೆಚ್ಚು.

ಗೊರಕೆಗೆ ಕಿವಿ-ಮೂಗು-ಗಂಟಲು ತಜ್ಞರನ್ನೂ ಕಾಣಿ. ಬಾಯಿಯ ಚಾವಣಿಯೇ ಮೂಗಿನ ನೆಲ, ಅಂಗುಳ ಅಗಲವಾದರೆ ಮೂಗಿಗೂ ಕೊಂಚ ಜಾಗ ಸಿಗುತ್ತದೆ, ನಿಜ. ಆದರೆ ಮೂಗಿನ ಹಿಂಭಾಗದ ಅಡಿನಾಯ್ಡ್ ಊದಿದ್ದರೆ ಸ್ಕ್ರೂ ಅದಕ್ಕೆ ಮದ್ದಲ್ಲ. ಬೆರಳು ಚೀಪುವ ಅಭ್ಯಾಸ ಉಳಿದಿದ್ದರೆ ಅದನ್ನೂ ಬಿಡಿಸಿ.

ಪ್ರಶ್ನೆ: ನನಗೆ 27. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಅಗಲವಾಗುತ್ತದೆ ಎಂಬ ವಿಡಿಯೊ ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ಫಲ ಸಿಗುವುದೇ?
– ಓದುಗ, ಬೆಂಗಳೂರು

ಉತ್ತರ: ಇಲ್ಲ. ಹದಿನೈದು-ಹದಿನಾರರ ಆಸುಪಾಸಿನಿಂದ ಆ ಕೂಡುಗೆರೆ ಹಲ್ಲುಹಲ್ಲಾಗಿ ಕಚ್ಚಿಕೊಳ್ಳತೊಡಗುತ್ತದೆ, ಒಬ್ಬೊಬ್ಬರಲ್ಲಿ ಒಂದೊಂದು ವಯಸ್ಸಿಗೆ. ನಾಲಿಗೆಗೆ ಅದನ್ನು ಬಿಡಿಸುವ ಶಕ್ತಿಯಿಲ್ಲ. ಮಕ್ಕಳ ಸಾಧನವನ್ನೇ ನಿಮಗೆ ಹಾಕಿ ತಿರುಗಿಸಿದರೆ ಹಲ್ಲು ಹೊರಕ್ಕೆ ವಾಲಿ ಒಸಡು ಸವೆಯುವ ಅಪಾಯವಿದೆ. ನಿಮ್ಮ ವಯಸ್ಸಿಗೆ ಎರಡು ದಾರಿ: ಅಂಗುಳದ ಮೂಳೆಗೇ ಪುಟ್ಟ ಸ್ಕ್ರೂಗಳನ್ನು ಊರಿ ಅಗಲಿಸುವುದು, ಅದಾಗದಿದ್ದರೆ ಶಸ್ತ್ರಚಿಕಿತ್ಸೆಯಿಂದ ಮೂಳೆ ಸಡಿಲಿಸಿ ಅಗಲಿಸುವುದು. ಯಾವುದೆಂದು ಸಿಬಿಸಿಟಿ ಸ್ಕ್ಯಾನ್ ನೋಡಿ ಆರ್ಥೊಡಾಂಟಿಸ್ಟ್ ಹೇಳಬೇಕು. ಜಗಿಯಲು, ಉಸಿರಾಡಲು ತೊಂದರೆಯಿಲ್ಲದೆ ಬರೀ ಫೋಟೊದಲ್ಲಿ ದವಡೆ ಚೆನ್ನಾಗಿ ಕಾಣಲಿ ಎಂದಾದರೆ, ಯಾವುದೂ ಬೇಡ ಎಂಬುದು ನನ್ನ ಸಲಹೆ.