ದುಡಿಯುವ ಕಾಲಿಗೆ ಒಪ್ಪುವ ಪ್ಯಾಂಟು

ಪ್ಯಾಂಟು ಕೊಳ್ಳುವಾಗ ನಾವು ಸಾಮಾನ್ಯವಾಗಿ ನೋಡುವುದು ಮೂರು ಸಂಗತಿ: ಬಣ್ಣ, ಬೆಲೆ ಮತ್ತು ಕನ್ನಡಿಯಲ್ಲಿ ಅದು ಕಾಣುವ ರೀತಿ. ಅದನ್ನು ತೊಟ್ಟುಕೊಂಡು ದಿನಕ್ಕೆ ಹತ್ತು ಗಂಟೆ ದುಡಿಯಬೇಕಾದ ದೇಹವನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಂಬ ಹತ್ತುವ ಲೈನ್‌ಮನ್, ನಲ್ಲಿ ರಿಪೇರಿ ಮಾಡುವವರು, ಗ್ಯಾರೇಜಿನ ಮೆಕ್ಯಾನಿಕ್, ಬೈಕಿನಲ್ಲಿ ಊರೆಲ್ಲ ಸುತ್ತಿ ಸಾಮಾನು ತಲುಪಿಸುವ ಹುಡುಗರು, ತೋಟದ ಕೆಲಸಗಾರರು, ಮಹಿಳಾ ಪೊಲೀಸರು, ಇವರೆಲ್ಲರಿಗೂ ಪ್ಯಾಂಟು ಅಲಂಕಾರದ ವಸ್ತುವಲ್ಲ, ಕೆಲಸದ ಸಲಕರಣೆ. ಸಲಕರಣೆ ಸರಿಯಿಲ್ಲದಿದ್ದರೆ ಪೆಟ್ಟು ಬೀಳುವುದು ದೇಹಕ್ಕೆ. ತೊಡೆಸಂದಿನ ತುರಿಕೆ, ತೊಡೆಯ ಉರಿ, ಕಾಲು ಜೋಮು ಹಿಡಿಯುವುದು, ಊಟದ ನಂತರದ ಎದೆಯುರಿ, ಇಂಥ ಹಲವು ತೊಂದರೆಗಳ ಹಿಂದೆ ಒಪ್ಪದ ಪ್ಯಾಂಟೂ ಒಂದು ಕಾರಣವಾಗಿರಬಹುದು.

ಈಗ ಅಂಗಡಿಗಳಲ್ಲಿ 'ಟ್ಯಾಕ್ಟಿಕಲ್ ಪ್ಯಾಂಟು', 'ಕಾರ್ಗೊ ಪ್ಯಾಂಟು' ಎಂಬ ಹೆಸರಿನಲ್ಲಿ ಗಟ್ಟಿಮುಟ್ಟಾದ, ಬಹಳ ಜೇಬುಗಳ ಉಡುಪುಗಳು ಬಂದಿವೆ. ಇವುಗಳ ಹಿನ್ನೆಲೆ ಸ್ವಾರಸ್ಯವಾಗಿದೆ. 1873ರಲ್ಲಿ ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ ಸೇರಿ, ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಂತೆ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಜೀನ್ಸ್‌ನ ಮೂಲ ಅದು. ಮುಂದೆ ರಾಯಲ್ ರಾಬಿನ್ಸ್ ಎಂಬ ಪ್ರಸಿದ್ಧ ಬಂಡೆ ಹತ್ತುವವರ ಕಂಪನಿ, ಬಂಡೆ ಹತ್ತುವವರಿಗಾಗಿಯೇ ದಪ್ಪ ಬಟ್ಟೆಯ ಪ್ಯಾಂಟು ಹೊಲಿಸಿತು. ಹತ್ತುವಿಕೆಯ ಕಷ್ಟದ ಒಂದು ದರ್ಜೆಯಾದ '5.11' ಎಂಬುದೇ ಅದರ ಹೆಸರಾಯಿತು. 1990ರ ದಶಕದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ತರಬೇತಿ ಶಾಲೆಯಲ್ಲಿ ಅದು ಬಳಕೆಗೆ ಬಂತು. ಕಾಲನ್ನು ಎತ್ತಿ, ಮಡಚಿ, ಚಾಚಿ ಕೆಲಸ ಮಾಡುವವರಿಗೆಂದು ಹುಟ್ಟಿದ ಉಡುಪು ಇದು. ಆದರೆ ಹುಟ್ಟಿದ ನಾಡು ಒಣಹವೆಯದು. ನಮ್ಮ ಕರಾವಳಿಯ ಬೆವರು, ಮಲೆನಾಡಿನ ಮಳೆ, ರಾಯಚೂರಿನ ಬಿಸಿಲಿಗೆ ಅದನ್ನು ಹಾಗೆಯೇ ತಂದುಕೊಂಡರೆ ಒಂದು ಅನುಕೂಲದ ಜೊತೆಗೆ ಎರಡು ತೊಂದರೆ ಬಂದೀತು.

ಬೆವರು ಮತ್ತು ಹುಳುಕಡ್ಡಿ

ತೊಡೆಸಂದು ದೇಹದಲ್ಲಿ ಸದಾ ಬೆಚ್ಚಗೆ, ತೇವವಾಗಿ ಇರುವ ಜಾಗ. ಗಾಳಿಯಾಡದ ಬಿಗಿ ಪ್ಯಾಂಟು ತೊಟ್ಟು ಬೆವರಿದಾಗ ಆ ತೇವ ಗಂಟೆಗಟ್ಟಲೆ ಅಲ್ಲೇ ಉಳಿಯುತ್ತದೆ. ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರ ಬೆಳೆಯಲು ಇದಕ್ಕಿಂತ ಒಳ್ಳೆಯ ಹೊಲ ಬೇಕಿಲ್ಲ. ಉಂಗುರದಂತೆ ಹರಡುವ, ಅಂಚು ಕೆಂಪಾಗಿ ಉಬ್ಬಿರುವ, ವಿಪರೀತ ತುರಿಸುವ ಕಲೆ ಇದರ ಗುರುತು.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಈ ರೋಗ ಹಟಮಾರಿಯಾಗಿದೆ. ಸಾಮಾನ್ಯ ಔಷಧಿಗೆ ಜಗ್ಗದ ಶಿಲೀಂಧ್ರದ ಬಗೆಯೊಂದು ಹರಡಿರುವುದು ಒಂದು ಕಾರಣ. ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು ಇನ್ನೊಂದು. ಇವು ಎರಡು ದಿನ ತುರಿಕೆ ಅಡಗಿಸುತ್ತವೆ, ಒಳಗಿನ ಶಿಲೀಂಧ್ರವನ್ನು ಬೆಳೆಯಲು ಬಿಡುತ್ತವೆ, ಚರ್ಮವನ್ನು ತೆಳುವಾಗಿಸುತ್ತವೆ. ವೈದ್ಯರ ಚೀಟಿಯಿಲ್ಲದೆ ಇಂಥ ಹಲವು ಮುಲಾಮುಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದ್ದರಿಂದ ಸಂದಿನಲ್ಲಿ ತುರಿಕೆ ಕಂಡರೆ ಪ್ಯಾಂಟಿನ ಬಗ್ಗೆ ಯೋಚಿಸುವುದರ ಜೊತೆಗೆ ಚರ್ಮರೋಗ ತಜ್ಞರನ್ನು ಕಾಣಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಮನೆಮಂದಿಗೆಲ್ಲ ಹರಡುತ್ತದೆ.

ಇನ್ನೊಂದು ಸಣ್ಣ ಸೂಚನೆ. ಪಾದದ ಬೆರಳುಗಳ ನಡುವೆ ಶಿಲೀಂಧ್ರದ ಸೋಂಕು ಇರುವವರು ಮೊದಲು ಕಾಲುಚೀಲ ಹಾಕಿಕೊಂಡು, ನಂತರ ಒಳಉಡುಪು ಮತ್ತು ಪ್ಯಾಂಟು ಏರಿಸಬೇಕು. ಇಲ್ಲವಾದರೆ ಪಾದದ ಸೋಂಕನ್ನು ಬಟ್ಟೆಯೇ ತೊಡೆಸಂದಿಗೆ ಒಯ್ಯುತ್ತದೆ.

ಬಿಗಿ ಸೊಂಟ, ಉರಿಯುವ ತೊಡೆ

ಕೆಲವರು 'ತೊಡೆಯ ಹೊರಬದಿ ಉರಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ, ಮುಟ್ಟಿದರೆ ಮರಗಟ್ಟಿದಂತಿದೆ' ಎಂದು ವೈದ್ಯರ ಬಳಿ ಬರುತ್ತಾರೆ. ಬೆನ್ನುಮೂಳೆಯ ರೋಗವೆಂದು ಹೆದರಿರುತ್ತಾರೆ. ತೊಡೆಯ ಹೊರಭಾಗದ ಚರ್ಮಕ್ಕೆ ಸ್ಪರ್ಶಜ್ಞಾನ ನೀಡುವ ನರವೊಂದು ಸೊಂಟದ ಮುಂಭಾಗದಲ್ಲಿ, ಬೆಲ್ಟ್ ಕೂರುವ ಜಾಗದ ಸಮೀಪವೇ ಹಾದು ಬರುತ್ತದೆ. ಬಿಗಿ ಪ್ಯಾಂಟು, ಭಾರದ ಸಲಕರಣೆಗಳನ್ನು ನೇತುಹಾಕಿದ ಬೆಲ್ಟ್ ಅದನ್ನು ಒತ್ತಿದಾಗ ಈ ತೊಂದರೆ ಬರಬಹುದು. ವೈದ್ಯಶಾಸ್ತ್ರ ಇದನ್ನು 'ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ' ಎನ್ನುತ್ತದೆ. ಸ್ಥೂಲಕಾಯರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಈ ನರ ಸ್ನಾಯುಗಳಿಗೆ ಹೋಗುವುದಿಲ್ಲವಾದ್ದರಿಂದ ಕಾಲಿನ ಶಕ್ತಿ ಕುಗ್ಗುವುದಿಲ್ಲ. ಬಹಳ ಮಂದಿಗೆ ಸೊಂಟ ಸಡಿಲಿಸಿದರೆ, ತೂಕ ಇಳಿಸಿದರೆ ಕ್ರಮೇಣ ಗುಣವಾಗುತ್ತದೆ.

ಬಿಗಿ ಸೊಂಟಪಟ್ಟಿ ಹೊಟ್ಟೆಯನ್ನೂ ಒತ್ತುತ್ತದೆ. ಊಟವಾದ ಮೇಲೆ ಬಗ್ಗಿ ಕೆಲಸ ಮಾಡುವವರಲ್ಲಿ ಜಠರದ ಆಮ್ಲ ಮೇಲಕ್ಕೆ ನುಗ್ಗಿ ಹುಳಿತೇಗು, ಎದೆಯುರಿ ತರುತ್ತದೆ.

ಕುಕ್ಕರುಗಾಲಿನಲ್ಲಿ ಕೂರುವವರು ಗಮನಿಸಿ

2015ರಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು. 35 ವರ್ಷದ ಮಹಿಳೆಯೊಬ್ಬರು ಮೈಗಂಟಿದ ಜೀನ್ಸ್ ತೊಟ್ಟು, ಮನೆ ಖಾಲಿ ಮಾಡುವ ಕೆಲಸದಲ್ಲಿ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಸಂಜೆಯ ಹೊತ್ತಿಗೆ ಪಾದಗಳು ಮರಗಟ್ಟಿ, ನಡೆಯುತ್ತಿದ್ದವರು ಎಡವಿ ಬಿದ್ದು ಏಳಲಾರದೆ ಹೋದರು. ಕಾಲು ಎಷ್ಟು ಊದಿತ್ತೆಂದರೆ ಆಸ್ಪತ್ರೆಯಲ್ಲಿ ಜೀನ್ಸನ್ನು ಕತ್ತರಿಸಿ ತೆಗೆಯಬೇಕಾಯಿತು. ಮೊಣಕಾಲಿನ ಕೆಳಗಿನ ಸ್ನಾಯು ಮತ್ತು ನರಗಳಿಗೆ ಹಾನಿಯಾಗಿತ್ತು. ನಾಲ್ಕು ದಿನಗಳ ನಂತರ ಅವರು ತಾವೇ ನಡೆಯುವಂತಾದರು.

ಇಂಥದು ಅಪರೂಪ, ಹೆದರಬೇಕಿಲ್ಲ. ಆದರೆ ಕುಕ್ಕರುಗಾಲಿನಲ್ಲಿ ಕೂತು ಟೈಲ್ಸ್ ಹಾಸುವವರು, ವೈರಿಂಗ್ ಮಾಡುವವರು, ಕಳೆ ಕೀಳುವವರು ನಮ್ಮಲ್ಲಿ ಬಹಳ. ಮೀನಖಂಡವನ್ನು ಬಿಗಿಯುವ ಪ್ಯಾಂಟು ಇವರಿಗೆ ಸಲ್ಲದು. ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಒಳ್ಳೆಯದು.

ಬಟ್ಟೆಯ ಆಯ್ಕೆ

ಬಟ್ಟೆಯ ದಪ್ಪವನ್ನು ಒಂದು ಚದರ ಮೀಟರಿನ ತೂಕದಿಂದ ಅಳೆಯುತ್ತಾರೆ. ದಪ್ಪ ಜೀನ್ಸ್ ಸುಮಾರು 400 ಗ್ರಾಂ ತೂಗುತ್ತದೆ. ನಮ್ಮ ಹವೆಯಲ್ಲಿ ದಿನವಿಡೀ ತೊಡಲು 200ರಿಂದ 250 ಗ್ರಾಂನ ಬಟ್ಟೆ ಸಾಕು. ಓರೆಗೆರೆಯ ನೇಯ್ಗೆಯ ಡ್ರಿಲ್ ಬಟ್ಟೆ ಗಟ್ಟಿಯಾಗಿಯೂ ಮೆತ್ತಗೂ ಇರುತ್ತದೆ. ಸಣ್ಣ ಚೌಕಗಳು ಕಾಣುವ 'ರಿಪ್‌ಸ್ಟಾಪ್' ನೇಯ್ಗೆಯಲ್ಲಿ ನಡುನಡುವೆ ದಪ್ಪ ಎಳೆ ಸೇರಿಸಿರುವುದರಿಂದ ಒಂದು ಕಡೆ ಹರಿದರೂ ಹರಿತ ಮುಂದಕ್ಕೆ ಸಾಗುವುದಿಲ್ಲ.

ಶುದ್ಧ ಹತ್ತಿ ಬೆವರು ಹೀರುತ್ತದೆ, ಆದರೆ ನಿಧಾನವಾಗಿ ಒಣಗುತ್ತದೆ. ಟೆರಿಕಾಟ್‌ನಂಥ ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಗ ಒಣಗುತ್ತದೆ, ಹೆಚ್ಚು ಬಾಳುತ್ತದೆ, ಆದರೆ ಪಾಲಿಯೆಸ್ಟರ್ ಹೆಚ್ಚಾದಷ್ಟೂ ಬೆವರು ಹೀರುವುದು ಕಡಿಮೆ. ಬಯಲುಸೀಮೆಯ ಬಿಸಿಲಿಗೆ ಹತ್ತಿ ಹೆಚ್ಚಿರುವುದು, ಮಳೆಗಾಲಕ್ಕೆ ಹತ್ತಿ ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆ, ಹೀಗೆ ಎರಡು ಬಗೆ ಇಟ್ಟುಕೊಳ್ಳುವುದು ಜಾಣತನ. ಶೇಕಡ 2-3ರಷ್ಟು ಹಿಗ್ಗುವ ದಾರ ಸೇರಿದ್ದರೆ ಬಗ್ಗಲು ಸುಲಭ. ಆದರೆ ಬಿಸಿನೀರಿನಲ್ಲಿ ಒಗೆದಷ್ಟೂ ಆ ದಾರ ಬೇಗ ಸೋಲುತ್ತದೆ. ಪದೇ ಪದೇ ಹುಳುಕಡ್ಡಿ ಬರುವವರು ಬಿಸಿನೀರು ತಾಳುವ ಬಟ್ಟೆಯನ್ನೇ ಆರಿಸಬೇಕು.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ತೊಟ್ಟುಕೊಂಡು ಹೀಗೆ ಮಾಡಿ ನೋಡಿ:

1. ಪೂರ್ತಿ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ. ಹಿಂದೆ ಸೊಂಟಪಟ್ಟಿ ಕೆಳಗೆ ಜಾರಬಾರದು, ಮೊಣಕಾಲು ಬಿಗಿಯಬಾರದು.

2. ಒಂದು ಕಾಲನ್ನು ಬೈಕ್ ಏರುವಂತೆ ಮೇಲಕ್ಕೆತ್ತಿ. ತೊಡೆಸಂದಿನಲ್ಲಿ ಎಳೆಯಬಾರದು.

3. ಕುರ್ಚಿಯಲ್ಲಿ ಕೂತಾಗ ಸೊಂಟಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಸೊಂಟದ ಅಳತೆಯನ್ನು ನಿಂತು ನೋಡಬೇಡಿ, ಕೂತು ನೋಡಿ.

4. ಪ್ಯಾಂಟನ್ನು ಒಳಮಗ್ಗುಲು ಮಾಡಿ ಹೊಲಿಗೆ ನೋಡಿ. ಎರಡು ಅಥವಾ ಮೂರು ಸಾಲು ಹೊಲಿಗೆ, ಜೇಬಿನ ಮೂಲೆ ಮತ್ತು ಬೆಲ್ಟ್ ಪಟ್ಟಿಗಳಲ್ಲಿ ಒತ್ತಾದ ಹೊಲಿಗೆ ಇದ್ದರೆ ಬಾಳಿಕೆ ಬರುತ್ತದೆ.

5. ಎರಡು ಕಾಲುಗಳು ಕೂಡುವಲ್ಲಿ ವಜ್ರಾಕಾರದ ಹೆಚ್ಚುವರಿ ತುಂಡು ಇದೆಯೇ ಗಮನಿಸಿ. ಅಂಗಡಿಯವರು ಇದನ್ನು 'ಗಸೆಟ್' ಎನ್ನುತ್ತಾರೆ. ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರಿದರೆ ಪ್ಯಾಂಟು ಮೊದಲು ಹರಿಯುವುದೂ, ಚರ್ಮವನ್ನು ಉಜ್ಜುವುದೂ ಅಲ್ಲಿಯೇ. ಈ ತುಂಡು ಆ ಎಳೆತವನ್ನು ಹಂಚುತ್ತದೆ.

ದುಬಾರಿ ಹೆಸರಿನ ಪ್ಯಾಂಟೇ ಬೇಕೆಂದಿಲ್ಲ. ಒಳ್ಳೆಯ ಡ್ರಿಲ್ ಬಟ್ಟೆ ಕೊಟ್ಟು, ಈ ತುಂಡನ್ನೂ ಮೊಣಕಾಲಿಗೆ ಎರಡು ಪದರವನ್ನೂ ಸೇರಿಸಿ ಎಂದು ಹೇಳಿದರೆ ನಿಮ್ಮ ಬೀದಿಯ ಟೈಲರ್ ಹೊಲಿದುಕೊಟ್ಟಾರು. ಮಹಿಳೆಯರಿಗಂತೂ ಇದೇ ಮೇಲು. ಗಂಡಸರ ಅಳತೆಯ ಪ್ಯಾಂಟು ಪೃಷ್ಠದಲ್ಲಿ ಬಿಗಿದು ಸೊಂಟದಲ್ಲಿ ಸಡಿಲಾಗುತ್ತದೆ, ಅದನ್ನು ಬೆಲ್ಟಿನಿಂದ ಬಿಗಿಯುವುದರಿಂದಲೇ ತೊಂದರೆ ಶುರು.

ಜೇಬಿನ ಭಾರ

ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವ ಚಾಲಕರಲ್ಲಿ ಪೃಷ್ಠದ ಕೆಳಗಿನ ದೊಡ್ಡ ನರ ಒತ್ತಿ, ನೋವು ಕಾಲಿಗೆ ಇಳಿಯಬಹುದು. ಕೂರುವ ಮೊದಲು ಪರ್ಸ್ ತೆಗೆದಿಡಿ. ತೊಡೆಯ ಪಕ್ಕದ ಜೇಬುಗಳು ಅನುಕೂಲವೇ, ಆದರೆ ಅವು ಇವೆಯೆಂದು ಎಲ್ಲವನ್ನೂ ತುಂಬಬೇಡಿ. ಒಂದೇ ಕಡೆ ಭಾರ ಬಿದ್ದರೆ ನಡಿಗೆ ಓರೆಯಾಗುತ್ತದೆ. ಸ್ಕ್ರೂಡ್ರೈವರ್‌ನಂಥ ಚೂಪಾದ ವಸ್ತುವನ್ನು ಮುಂದಿನ ಜೇಬಿನಲ್ಲಿ ಇಟ್ಟುಕೊಳ್ಳುವುದು ಅಪಾಯ. ಬಿದ್ದಾಗ ಅದು ತೊಡೆಸಂದಿನ ರಕ್ತನಾಳಕ್ಕೆ ಚುಚ್ಚಬಹುದು.

ಕೆಲಸಕ್ಕೆ ತಕ್ಕ ಎಚ್ಚರಿಕೆ

ಬೆಂಕಿ, ವೆಲ್ಡಿಂಗ್, ವಿದ್ಯುತ್ತಿನ ಕೆಲಸದವರು ಪಾಲಿಯೆಸ್ಟರ್, ನೈಲಾನ್ ತೊಡಬಾರದು. ಇವು ಕರಗಿ ಚರ್ಮಕ್ಕೆ ಅಂಟಿ ಸುಟ್ಟಗಾಯವನ್ನು ಆಳವಾಗಿಸುತ್ತವೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗುವುದಿಲ್ಲ. ದಪ್ಪ ಹತ್ತಿಯ, ಅಂಚು ಮಡಚದ ಪ್ಯಾಂಟು ಇವರಿಗೆ ಸರಿ. ಮಡಚಿದ ಅಂಚಿನಲ್ಲಿ ಕಿಡಿ ಕೂರುತ್ತದೆ. ತಿರುಗುವ ಯಂತ್ರದ ಬಳಿ, ಬೈಕಿನ ಚೈನಿನ ಬಳಿ ಇರುವವರಿಗೆ ಕೆಳಗೆ ಜೋಲುವ ಅಗಲ ಕಾಲು ಅಪಾಯಕಾರಿ.

ಕಾಡಂಚಿನಲ್ಲಿ ದುಡಿಯುವವರಿಗೆ ಪ್ಯಾಂಟು ಪ್ರಾಣರಕ್ಷಕವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ದರಕಿಗೆ, ಸೌದೆಗೆ ಹೋಗುವವರು ಉದ್ದ ಪ್ಯಾಂಟು ತೊಟ್ಟು ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ತಿಳಿ ಬಣ್ಣವಾದರೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು.

ಒಗೆಯುವುದೂ ಔಷಧಿಯೇ

ಗಟ್ಟಿ ಪ್ಯಾಂಟು ಕೊಳೆ ತೋರಿಸುವುದಿಲ್ಲ ಎಂದು ವಾರವಿಡೀ ಒಂದನ್ನೇ ತೊಡುವ ಅಭ್ಯಾಸ ಒಳ್ಳೆಯದಲ್ಲ. ಬೆವರಿದ ಪ್ಯಾಂಟನ್ನು ಅಂದೇ ಒಗೆಯಿರಿ, ಅದಕ್ಕಾಗಿ ಎರಡು ಮೂರು ಜೊತೆ ಇರಲಿ. ಹುಳುಕಡ್ಡಿ ಇರುವವರ ಬಟ್ಟೆಯನ್ನು ಬೇರೆಯಾಗಿ, ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಮಳೆಗಾಲದಲ್ಲಿ ಹೊಲಿಗೆಯ ಮೇಲೆ ಇಸ್ತ್ರಿ ಆಡಿಸಿ ಪೂರ್ತಿ ಒಣಗಿಸಿ. ಅರೆಬರೆ ಒಣಗಿದ್ದನ್ನು ತೊಡಬೇಡಿ. ಟವೆಲು, ಒಳಉಡುಪನ್ನು ಮನೆಯಲ್ಲಿ ಯಾರೂ ಹಂಚಿಕೊಳ್ಳಬಾರದು.

ವೈದ್ಯರನ್ನು ಕಾಣಬೇಕಾದಾಗ

ಪ್ಯಾಂಟು ಬದಲಿಸಿ ಎರಡು ಮೂರು ವಾರವಾದರೂ ತೊಡೆಯ ಉರಿ ಕಡಿಮೆಯಾಗದಿದ್ದರೆ, ಸಂದಿನ ತುರಿಕೆ ಹರಡುತ್ತಿದ್ದರೆ ತಡಮಾಡಬೇಡಿ. ಕಾಲಿನ ಶಕ್ತಿ ಕುಗ್ಗುವುದು, ಪಾದ ಎತ್ತಲಾಗದಿರುವುದು, ಮಲಮೂತ್ರದ ಹಿಡಿತ ತಪ್ಪುವುದು, ಇವನ್ನು ಬಟ್ಟೆಯ ದೋಷವೆಂದು ಕಡೆಗಣಿಸಬೇಡಿ. ಅಂದೇ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಬಾರಿ ಮನೆಯ ದುಡಿಯುವವರಿಗೆ ಪ್ಯಾಂಟು ತರುವಾಗ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಅವರು ದಿನವಿಡೀ ಹೇಗೆ ಕೂರುತ್ತಾರೆ, ಏಳುತ್ತಾರೆ, ಬಗ್ಗುತ್ತಾರೆ ಎಂಬುದನ್ನು ಅಲ್ಲೇ ಮಾಡಿ ನೋಡಲಿ. ಐದು ನಿಮಿಷದ ಈ ಪರೀಕ್ಷೆಗೆ ಖರ್ಚಿಲ್ಲ.